ರಾತ್ರಿ ಮಾತ್ರ ಹನಿಯುವ ರಿಲೀಫ್ ವಾಲ್ವ್: ದೋಷ ಯಾವ ಚೆಕ್ ವಾಲ್ವಿನದು?

ಪ್ರಶ್ನೆ: ಸುಂಟಿಕೊಪ್ಪದ ಸಮೀಪ ನಮ್ಮ ಕಾಫಿ ತೋಟವಿದೆ, ತೋಟದ ಮನೆಯಲ್ಲಿಯೇ ಹೋಂಸ್ಟೇ ನಡೆಸುತ್ತೇವೆ. ಮನೆಗೂ ಕಾರ್ಮಿಕರ ಲೈನ್‌ಮನೆಗಳಿಗೂ ಹೋಗುವ ಕುಡಿಯುವ ನೀರಿನ ಪೈಪಿನಿಂದ ಒಂದು ಕವಲು ತೆಗೆದು, ಗುಡ್ಡದ ಮೇಲೆ ಬೋರ್ಡೋ ದ್ರಾವಣ (ಗಿಡಗಳ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಔಷಧಿ) ಕಲಸುವ ತೊಟ್ಟಿಗೆ ನೀರು ಏರಿಸುತ್ತೇವೆ. ತೊಟ್ಟಿ ಸುಮಾರು 20 ಮೀಟರ್ ಎತ್ತರದಲ್ಲಿದೆ. ಪೈಪು ಅದರ ತಳಕ್ಕೆ ಸೇರುತ್ತದೆ. ತೊಟ್ಟಿಯ ನೀರು ಮನೆಯ ಕಡೆಗೆ ಹಿಂದಿರುಗದಂತೆ, ಕವಲಿನ ಆರಂಭದಲ್ಲಿ ಎರಡು ಚೆಕ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಮತ್ತು ನಡುವೆ ನೀರನ್ನು ಹೊರಗೆ ಚೆಲ್ಲುವ ರಿಲೀಫ್ ವಾಲ್ವ್ ಇರುವ 40 ಮಿ.ಮೀ. ಉಪಕರಣ ಹಾಕಿಸಿದ್ದೇವೆ. ತೊಟ್ಟಿ ತುಂಬಿದ ಮೇಲೆ ಉಪಕರಣದ ಆಚೆಗಿರುವ ಗೇಟ್ ವಾಲ್ವನ್ನು ಕೆಲಸದವರು ದಿನವೂ ಬಂದ್ ಮಾಡುತ್ತಾರೆ. ಹಗಲು ಪಂಪು 3 ಕೆ.ಜಿ. (ಚದರ ಸೆಂಟಿಮೀಟರಿಗೆ) ಒತ್ತಡ ಕೊಡುತ್ತದೆ. ರಾತ್ರಿ ಅದನ್ನು ನಿಲ್ಲಿಸಿದಾಗ ಮನೆಯ ಮೇಲಿನ ಟ್ಯಾಂಕಿನಿಂದ ನೀರು ತಾನಾಗಿ ಇಳಿಯುತ್ತದೆ, ಆಗ ಒತ್ತಡ ಸುಮಾರು 0.6 ಕೆ.ಜಿ. ಇರುತ್ತದೆ. ಕೆಲವು ತಿಂಗಳಿಂದ ರಾತ್ರಿ ಹೊತ್ತು ರಿಲೀಫ್ ವಾಲ್ವಿನಿಂದ ನೀರು ಹನಿಯುತ್ತಿದೆ. ಮೊದಲ ಬಾರಿ ಕರೆಂಟ್ ಇಲ್ಲದ ಹೊತ್ತಿನಲ್ಲಿ ಪರೀಕ್ಷೆ ಮಾಡಿದವರು ಗೇಜ್ (ಮೊದಲ ಚೆಕ್ ವಾಲ್ವಿನ ಎರಡು ಬದಿಗಳ ಒತ್ತಡದ ವ್ಯತ್ಯಾಸ ತೋರಿಸುವ ಮಾಪಕ) 2.4 ಪಿ.ಎಸ್.ಐ. (ಚದರ ಇಂಚಿಗೆ ಪೌಂಡ್) ತೋರಿಸಿತೆಂದು ಮೊದಲ ಚೆಕ್ ವಾಲ್ವಿನ ರಬ್ಬರ್ ಬದಲಿಸಿದರು. ಎರಡನೇ ಬಾರಿ, ಮಧ್ಯಾಹ್ನ ಪಂಪು ಓಡುತ್ತಿದ್ದಾಗ, 6.8 ಬಂದಿತು, ಎಲ್ಲ ಸರಿಯಿದೆ ಎಂದರು. ರಾತ್ರಿಯ ಹನಿ ಮಾತ್ರ ನಿಲ್ಲಲಿಲ್ಲ. ಮೂರನೇ ಬಾರಿ, ಬೆಳಗ್ಗೆ ಪಂಪು ಹಾಕುವ ಮೊದಲು, 2.6 ಬಂದಿತು. ಈಗ ರಿಲೀಫ್ ವಾಲ್ವಿನ ಕಿಟ್ ಬದಲಿಸಿ ಅಥವಾ ಇಡೀ ಉಪಕರಣವನ್ನೇ ಬದಲಿಸಿ ಎನ್ನುತ್ತಿದ್ದಾರೆ. ಮತ್ತೊಬ್ಬರು ಹನಿಯುವ ಬಾಯಿಗೆ ಡಮ್ಮಿ (ಬಿಗಿ ಮುಚ್ಚಳ) ಹಾಕಿಬಿಡಿ ಎಂದರು. ಯಾವುದು ಸರಿ? ಹೂದೋಟದ ಸ್ಪ್ರಿಂಕ್ಲರ್ ಪೈಪಿನಲ್ಲಿ ಬೇರೊಂದು ಡಬಲ್ ಚೆಕ್ ವಾಲ್ವ್ ಇದೆ. ಗೇಜ್ ಇಲ್ಲದೆ ಅದನ್ನು ಪರೀಕ್ಷಿಸಲು ಸಾಧ್ಯವೇ?

ಉತ್ತರ: ಕೊನೆಯಲ್ಲಿ ಬಂದಿರುವ ಸಲಹೆಗೆ ಮೊದಲು ಉತ್ತರ ಹೇಳುತ್ತೇನೆ, ಏಕೆಂದರೆ ಅದು ಅಪಾಯಕಾರಿ. ರಿಲೀಫ್ ವಾಲ್ವಿನ ಬಾಯಿಗೆ ಯಾವ ಕಾರಣಕ್ಕೂ ಡಮ್ಮಿ ಹಾಕಬೇಡಿ. ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತವನ್ನೂ ಒಂದು ಕಿಲೋ ಸುಣ್ಣವನ್ನೂ ಹಾಕುವುದು ನಿಮಗೆ ತಿಳಿದೇ ಇದೆ. ಮೈಲುತುತ್ತದ ತೂಕದಲ್ಲಿ ಸುಮಾರು ಕಾಲು ಭಾಗ ತಾಮ್ರವಿರುವುದರಿಂದ ಆ ದ್ರಾವಣದ ಒಂದೊಂದು ಲೀಟರಿನಲ್ಲಿಯೂ ಸುಮಾರು 2,500 ಮಿಲಿಗ್ರಾಂ ತಾಮ್ರವಿರುತ್ತದೆ. ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 10500, ಬೇರೆ ಜಲಮೂಲವೇ ಇಲ್ಲದ ಪರಿಸ್ಥಿತಿಯಲ್ಲಿಯೂ ಲೀಟರಿಗೆ 1.5 ಮಿಲಿಗ್ರಾಂ ತಾಮ್ರವನ್ನು ಮೀರಬಾರದು ಎನ್ನುತ್ತದೆ. ಅಂಥ ದ್ರಾವಣ ನಿಂತಿರುವ ತೊಟ್ಟಿಗೂ ನಿಮ್ಮ ಲೈನ್‌ಮನೆಯ ಮಕ್ಕಳು ನೀರು ಹಿಡಿಯುವ ನಲ್ಲಿಗೂ ನಡುವೆ ಈ ಒಂದು ಉಪಕರಣವಿದೆ. ಅದು ಹನಿಸುತ್ತಿರುವುದು, ತನ್ನೊಳಗೆ ಬರಬಾರದ ಒತ್ತಡ ಬಂದಿದೆ ಎಂದು ಹೊರಗಿನವರಿಗೆ ತಿಳಿಸುವುದಕ್ಕಾಗಿ ಮತ್ತು ಆ ನೀರನ್ನು ಮನೆಯ ಕಡೆಗೆ ಬಿಡದೆ ನೆಲಕ್ಕೆ ಚೆಲ್ಲುವುದಕ್ಕಾಗಿ. ಅದರ ಬಾಯಿ ಕಟ್ಟಿದರೆ ದೋಷ ಹಾಗೆಯೇ ಉಳಿಯುತ್ತದೆ, ಅದನ್ನು ತಿಳಿಯುವ ದಾರಿ ಮಾತ್ರ ಮುಚ್ಚಿಹೋಗುತ್ತದೆ.

ಇನ್ನು ನಿಮ್ಮ ಗೇಜಿನ ಮೂರು ಓದುಗಳಿಗೆ ಬರುತ್ತೇನೆ. ನೀವು ಬರೆದಿರುವುದನ್ನು ಓದಿದರೆ ನನ್ನ ಅನುಮಾನ ಮೊದಲ ಚೆಕ್ ವಾಲ್ವಿನ ಮೇಲೂ ಇಲ್ಲ, ರಿಲೀಫ್ ವಾಲ್ವಿನ ಮೇಲೂ ಇಲ್ಲ. ಎರಡನೇ ಚೆಕ್ ವಾಲ್ವ್ ಸೋರುತ್ತಿದೆ. ಅದಕ್ಕಿಂತ ಮುಖ್ಯವಾಗಿ, ಕೆಲಸದವರು ದಿನವೂ ತಿರುಗಿಸುವ ಆ ಗೇಟ್ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುತ್ತಿಲ್ಲ ಎಂಬುದು ನನ್ನ ಊಹೆ. ಮೂರು ಬಾರಿ ಬಂದ ಪರೀಕ್ಷಕರನ್ನು ದಾರಿ ತಪ್ಪಿಸಿರುವುದು ಈ ಗೇಟ್ ವಾಲ್ವೇ ಇರಬೇಕು. ಇದು ಊಹೆಯೇ ಹೊರತು ತೀರ್ಪಲ್ಲ. ಅದನ್ನು ಖಚಿತಪಡಿಸಿಕೊಳ್ಳುವ ದಾರಿಯನ್ನು ಮುಂದೆ ಹೇಳುತ್ತೇನೆ.

ಉಪಕರಣದೊಳಗೆ ನಡೆಯುವುದನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಮೊದಲ ಚೆಕ್ ವಾಲ್ವಿನ ಸ್ಪ್ರಿಂಗ್ ಬಲವಾದದ್ದು. ನೀರು ನಿಂತಿರುವಾಗಲೂ ಅದರ ಮನೆಯ ಕಡೆಯ ಒತ್ತಡಕ್ಕಿಂತ ಆಚೆ ಕಡೆಯ ಒತ್ತಡ ಕನಿಷ್ಠ 5 ಪಿ.ಎಸ್.ಐ. ಕಡಿಮೆ ಇರುವಂತೆ ಅದು ಹಿಡಿದಿಡಬೇಕು. ಸುಸ್ಥಿತಿಯಲ್ಲಿರುವ ಉಪಕರಣಗಳಲ್ಲಿ ಇದು 6, 7, ಕೆಲವೊಮ್ಮೆ 8ರವರೆಗೂ ಇರುತ್ತದೆ. ಎರಡನೇ ಚೆಕ್ ವಾಲ್ವಿನ ಸ್ಪ್ರಿಂಗ್ ಮೃದುವಾದದ್ದು, ಅದು 1 ಪಿ.ಎಸ್.ಐ. ಹಿಡಿದರೆ ಸಾಕು. ಇವೆರಡರ ನಡುವಿನ ಕೋಣೆಯ ಕೆಳಗೆ ರಿಲೀಫ್ ವಾಲ್ವ್ ಇದೆ. ಅದರ ಡಯಾಫ್ರಮ್ಮಿನ (ಬಾಗುವ ರಬ್ಬರ್ ಪರದೆಯ) ಒಂದು ಬದಿಯಲ್ಲಿ ಒಳಬರುವ ನೀರಿನ ಒತ್ತಡ, ಮತ್ತೊಂದು ಬದಿಯಲ್ಲಿ ನಡುಕೋಣೆಯ ಒತ್ತಡ ಮತ್ತು ಒಂದು ಸ್ಪ್ರಿಂಗ್. ಈ ಎರಡು ಒತ್ತಡಗಳ ವ್ಯತ್ಯಾಸ ಕುಗ್ಗುತ್ತ ಬಂದು ಎರಡು, ಎರಡೂವರೆ, ಮೂರು ಪಿ.ಎಸ್.ಐ. ಆಸುಪಾಸಿಗೆ ಇಳಿದಾಗ ರಿಲೀಫ್ ವಾಲ್ವ್ ತೆರೆದು ನೀರನ್ನು ಹೊರಗೆ ಬಿಡುತ್ತದೆ; 2ಕ್ಕೆ ಇಳಿಯುವುದರೊಳಗೆ ಅದು ತೆರೆಯಲೇಬೇಕು ಎಂಬುದು ನಿಯಮ. ಹೊರಗೆ ಬಿಟ್ಟಾಗ ವ್ಯತ್ಯಾಸ ಮತ್ತೆ ಸ್ವಲ್ಪ ಹೆಚ್ಚುತ್ತದೆ, ಅದು ಮುಚ್ಚಿಕೊಳ್ಳಲು ನೋಡುತ್ತದೆ, ಮತ್ತೆ ತೆರೆಯುತ್ತದೆ. ಆದ್ದರಿಂದ ರಿಲೀಫ್ ವಾಲ್ವ್ ಒಂದೇ ಸಮನೆ ಹನಿಯುತ್ತಿರುವಾಗ ಗೇಜ್ ಹಾಕಿದರೆ, ಅದರ ಮುಳ್ಳು ರಿಲೀಫ್ ವಾಲ್ವ್ ತೆರೆಯುವ ಅಂಕಿಯ ಮೇಲೆಯೇ ನಿಂತಿರುತ್ತದೆ.

ನಿಮ್ಮ 2.4 ಮತ್ತು 2.6 ಎಂಬ ಓದುಗಳು ಇದನ್ನೇ ಹೇಳುತ್ತಿವೆ. ಅವು ಮೊದಲ ಚೆಕ್ ವಾಲ್ವಿನ ಬಲವನ್ನು ತೋರಿಸುವ ಅಂಕಿಗಳಲ್ಲ. ರಿಲೀಫ್ ವಾಲ್ವ್ ಎಷ್ಟರಲ್ಲಿ ತೆರೆಯುತ್ತದೆ ಎಂಬುದರ ಅಂಕಿಗಳು. ಹಾಗೆ ನೋಡಿದರೆ ರಿಲೀಫ್ ವಾಲ್ವ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಅದರ ಸೀಟಿನಲ್ಲಿ (ಮುಚ್ಚಿದಾಗ ರಬ್ಬರ್ ಕೂರುವ ಅಂಚಿನಲ್ಲಿ) ಕಸ ಸಿಕ್ಕಿದ್ದರೆ ಅಥವಾ ಡಯಾಫ್ರಮ್ ಹರಿದಿದ್ದರೆ, ಗೇಜ್ ಆರೋ ಏಳೋ ತೋರಿಸುತ್ತಿರುವಾಗಲೂ ನೀರು ಸುರಿಯುತ್ತಲೇ ಇರುತ್ತಿತ್ತು. ಹನಿಯುವಾಗ ಓದು ಹೆಚ್ಚಿದ್ದರೆ ರಿಲೀಫ್ ವಾಲ್ವನ್ನು ಶಂಕಿಸಿ, ಓದು ತೆರೆಯುವ ಅಂಕಿಯಲ್ಲೇ ನಿಂತಿದ್ದರೆ ಚೆಕ್ ವಾಲ್ವುಗಳನ್ನು ಶಂಕಿಸಿ. ಈ ಒಂದು ಭೇದ ತಿಳಿದಿದ್ದರೆ ರಿಲೀಫ್ ಕಿಟ್ಟಿನ ಖರ್ಚು ಉಳಿಯುತ್ತದೆ.

ಹಾಗಾದರೆ ಯಾವ ಚೆಕ್ ವಾಲ್ವ್? ನಡುಕೋಣೆಯ ಒತ್ತಡ ಏರಲು ಎರಡು ದಾರಿಗಳಿವೆ. ಮೊದಲ ಚೆಕ್ ವಾಲ್ವ್ ಸೋರಿದರೆ ಮನೆಯ ಕಡೆಯ ನೀರು ಮುಂದಕ್ಕೆ ನುಸುಳಿ ಕೋಣೆಯನ್ನು ತುಂಬುತ್ತದೆ. ಎರಡನೇ ಚೆಕ್ ವಾಲ್ವ್ ಸೋರಿದರೆ ಗುಡ್ಡದ ಕಡೆಯ ನೀರು ಹಿಂದಕ್ಕೆ ನುಸುಳಿ ಅದೇ ಕೋಣೆಯನ್ನು ತುಂಬುತ್ತದೆ. ಗೇಜಿಗೆ ಇವೆರಡೂ ಒಂದೇ ರೀತಿ ಕಾಣುತ್ತವೆ, ಹೊರಗೆ ಬೀಳುವ ಹನಿಯೂ ಒಂದೇ. ಇವೆರಡನ್ನು ಬೇರ್ಪಡಿಸಲು ಪರೀಕ್ಷಕರು ಮಾಡುವುದು ಆಚೆಗಿನ ಗೇಟ್ ವಾಲ್ವನ್ನು ಮುಚ್ಚುವುದು. ಮುಚ್ಚಿದಾಗ ಹನಿ ನಿಂತರೆ ನೀರು ಬರುತ್ತಿದ್ದುದು ಹಿಂದಿನಿಂದ, ಅಂದರೆ ದೋಷ ಎರಡನೆಯದರಲ್ಲಿ. ನಿಲ್ಲದಿದ್ದರೆ ದೋಷ ಮೊದಲನೆಯದರಲ್ಲಿ. ತರ್ಕ ಸರಿಯಾಗಿದೆ, ಆದರೆ ಅದು ಗೇಟ್ ವಾಲ್ವ್ ನಿಜವಾಗಿಯೂ ಮುಚ್ಚಿಕೊಂಡಿದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಗೇಟ್ ವಾಲ್ವ್ ಸೋರುತ್ತಿದ್ದರೆ ಹಿಂದಿನಿಂದ ಬರುವ ನೀರು ಬರುತ್ತಲೇ ಇರುತ್ತದೆ, ಹನಿ ನಿಲ್ಲುವುದಿಲ್ಲ, ತಪ್ಪಿಲ್ಲದ ಮೊದಲ ಚೆಕ್ ವಾಲ್ವಿನ ಮೇಲೆ ಆರೋಪ ಬೀಳುತ್ತದೆ. ಮೊದಲ ಬಾರಿ ನಿಮ್ಮಲ್ಲಿ ನಡೆದದ್ದು ಇದೇ ಎಂದು ಕಾಣುತ್ತದೆ.

ನಿಮ್ಮ ತೋಟದ ಇಳಿಜಾರು ಇದಕ್ಕೆ ಬೇಕಾದ ಒತ್ತಡವನ್ನು ಒದಗಿಸುತ್ತಿದೆ. 20 ಮೀಟರ್ ಎತ್ತರದ ನೀರಿನ ಕಂಬ ಕೆಳಗೆ 2 ಕೆ.ಜಿ., ಅಂದರೆ ಸುಮಾರು 28 ಪಿ.ಎಸ್.ಐ. ಒತ್ತಡ ಹಾಕುತ್ತದೆ. ಹಗಲು ಪಂಪಿನ 3 ಕೆ.ಜಿ., ಅಂದರೆ ಸುಮಾರು 43 ಪಿ.ಎಸ್.ಐ. ಇದನ್ನು ಮೀರಿಸುತ್ತದೆ. ರಾತ್ರಿ ಪಂಪು ನಿಂತಾಗ ಮನೆಯ ಕಡೆ ಉಳಿಯುವುದು ಎಂಟೂವರೆ ಪಿ.ಎಸ್.ಐ. ಮಾತ್ರ. ಆಗ ಗುಡ್ಡದ ನೀರೇ ಬಲಶಾಲಿ. ಅದು ಸೋರುವ ಗೇಟ್ ವಾಲ್ವನ್ನು ದಾಟಿ, ಸೋರುವ ಎರಡನೇ ಚೆಕ್ ವಾಲ್ವನ್ನು ದಾಟಿ ನಡುಕೋಣೆಗೆ ಬಂದು, ಅಲ್ಲಿಂದ ಹೊರಗೆ ಬೀಳುತ್ತದೆ. ನಿಮ್ಮ ಗೇಟ್ ವಾಲ್ವ್ ರಾತ್ರಿ ಹೇಗೂ ಬಂದ್ ಆಗಿರುತ್ತದೆ ಎಂದು ನೀವೇ ಬರೆದಿದ್ದೀರಿ. ಆದರೂ ರಾತ್ರಿ ಹನಿಯುತ್ತಿದೆ ಎಂಬುದೇ ನನ್ನ ಅನುಮಾನದ ಬೇರು.

ಈಗ ಮಧ್ಯಾಹ್ನದ 6.8ರ ವಿಷಯ. ಇದು ಸಮಾಧಾನ ಕೊಡುವ ಅಂಕಿಯಂತೆ ಕಾಣುತ್ತದೆ, ಆದರೆ ಅದೇ ಸೋರುವ ಗೇಟ್ ವಾಲ್ವ್ ಇಲ್ಲಿ ತದ್ವಿರುದ್ಧವಾದ ಕೆಲಸ ಮಾಡಿರಬಹುದು. ಪಂಪು ಓಡುತ್ತಿರುವಾಗ ನೀರು ಆ ಸೋರಿಕೆಯ ಮೂಲಕ ಗುಡ್ಡದ ಕಡೆಗೆ ಸಣ್ಣಗೆ ಹರಿಯುತ್ತಿರುತ್ತದೆ. ಹರಿಯುವ ನೀರು ಚೆಕ್ ವಾಲ್ವಿನ ಸ್ಪ್ರಿಂಗನ್ನು ತಳ್ಳಿಕೊಂಡೇ ಹೋಗಬೇಕು, ಆದ್ದರಿಂದ ಸೀಟಿನಲ್ಲಿ ಕಸವಿದ್ದರೂ, ರಬ್ಬರ್ ಸವೆದಿದ್ದರೂ ಗೇಜ್ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ನಿಂತ ನೀರಿನಲ್ಲಿ ಮಾತ್ರ ಚೆಕ್ ವಾಲ್ವಿನ ನಿಜಸ್ಥಿತಿ ಹೊರಬರುತ್ತದೆ. ಹೀಗೆ ಒಂದೇ ಗೇಟ್ ವಾಲ್ವ್, ಹಿಂದಿನಿಂದ ಒತ್ತಡವಿದ್ದಾಗ ಒಳ್ಳೆಯ ಚೆಕ್ ವಾಲ್ವನ್ನು ಕೆಟ್ಟದ್ದೆಂದು ತೋರಿಸಬಲ್ಲದು, ಮುಂದಕ್ಕೆ ಹರಿವು ಇದ್ದಾಗ ಕೆಟ್ಟದ್ದನ್ನು ಒಳ್ಳೆಯದೆಂದು ತೋರಿಸಬಲ್ಲದು. ಚೆಕ್ ವಾಲ್ವಿನ ಬಗ್ಗೆ ಏನನ್ನಾದರೂ ಹೇಳುವ ಮೊದಲು ಆಚೆಗಿನ ವಾಲ್ವ್ ಬಿಗಿಯಾಗಿದೆಯೇ ಎಂದು ಸಾಬೀತುಪಡಿಸಿಕೊಳ್ಳಿ ಎಂದು ನಾನು ಕಲಿಯಲು ಬರುವ ಪ್ರತಿಯೊಬ್ಬ ಹುಡುಗನಿಗೂ ಹೇಳುವುದು ಇದಕ್ಕಾಗಿ.

ಗೇಜ್ ಇಲ್ಲದೆಯೇ ನೀವು ಒಂದು ರಾತ್ರಿ ಮಾಡಿ ನೋಡಬಹುದಾದ ಪರೀಕ್ಷೆ ಹೀಗಿದೆ. ತೊಟ್ಟಿಯಲ್ಲಿ ದ್ರಾವಣವಿಲ್ಲದ, ಶುದ್ಧ ನೀರು ಮಾತ್ರ ಇರುವ ದಿನವನ್ನು ಆರಿಸಿಕೊಳ್ಳಿ. ಪಂಪು ನಿಲ್ಲಿಸಿ, ಆಚೆಗಿನ ಗೇಟ್ ವಾಲ್ವನ್ನು ಪೂರ್ತಿ ತೆರೆದಿಡಿ, ಗುಡ್ಡದ ಒತ್ತಡ ಉಪಕರಣದ ಮೇಲೆ ಬೀಳಲಿ. ರಿಲೀಫ್ ವಾಲ್ವಿನ ಕೆಳಗೆ ಒಂದು ಬಕೆಟ್ ಇಡಿ. ಈಗ ಮನೆಯ ಕಡೆಯ ವಾಲ್ವನ್ನು ಮುಚ್ಚಿ, ಆ ವಾಲ್ವಿಗೂ ಮೊದಲ ಚೆಕ್ ವಾಲ್ವಿಗೂ ನಡುವೆ ಇರುವ ಎರಡನೇ ಟೆಸ್ಟ್ ಕಾಕನ್ನು (ಪರೀಕ್ಷೆಗೆಂದು ಇರುವ ಸಣ್ಣ ನಲ್ಲಿಯನ್ನು) ನಿಧಾನವಾಗಿ ತೆರೆಯಿರಿ. ಒಳಬದಿಯ ಒತ್ತಡ ಬಿದ್ದ ಕೂಡಲೇ ರಿಲೀಫ್ ವಾಲ್ವ್ ದೊಡ್ಡದಾಗಿ ತೆರೆದು ನಡುಕೋಣೆಯ ನೀರನ್ನೆಲ್ಲ ಒಮ್ಮೆಲೇ ಬಕೆಟ್ಟಿಗೆ ಸುರಿಯುತ್ತದೆ. ಗಾಬರಿಯಾಗಬೇಡಿ, ಅದು ಹಾಗೆಯೇ ಆಗಬೇಕು. ಎರಡನೇ ಚೆಕ್ ವಾಲ್ವ್ ಸರಿಯಿದ್ದರೆ ಕೋಣೆ ಬರಿದಾದ ಮೇಲೆ, ಕೆಲವೇ ಕ್ಷಣಗಳಲ್ಲಿ, ಸುರಿತ ನಿಂತುಹೋಗುತ್ತದೆ. ನಿಲ್ಲದೆ ಸಣ್ಣ ಧಾರೆಯಾಗಿ ಬರುತ್ತಲೇ ಇದ್ದರೆ ಆ ನೀರು ಬರಲು ಉಳಿದಿರುವುದು ಹಿಂದಿನ ದಾರಿ ಒಂದೇ. ಎರಡನೇ ಚೆಕ್ ವಾಲ್ವ್ ಸೋರುತ್ತಿದೆ ಎಂದು ಅನುಮಾನವಿಲ್ಲದೆ ಹೇಳಬಹುದು. ಮನೆಯ ಕಡೆಯ ವಾಲ್ವ್ ಸೋರುತ್ತಿದ್ದರೆ ಆ ನೀರು ತೆರೆದಿರುವ ಟೆಸ್ಟ್ ಕಾಕಿನಿಂದ ಹೊರಗೆ ಹೋಗುತ್ತದೆ, ಆದ್ದರಿಂದ ಗೊಂದಲಕ್ಕೆ ಎಡೆಯಿಲ್ಲ.

ಧಾರೆ ಬರುತ್ತಿರುವಾಗಲೇ ಆಚೆಗಿನ ಗೇಟ್ ವಾಲ್ವನ್ನು ಮುಚ್ಚಿ. ಧಾರೆ ನಿಂತರೆ ಗೇಟ್ ವಾಲ್ವ್ ಸರಿಯಿದೆ, ನನ್ನ ಊಹೆಯ ಅರ್ಧ ತಪ್ಪು. ಸಣ್ಣದಾದರೂ ನಿಲ್ಲದಿದ್ದರೆ ಗೇಟ್ ವಾಲ್ವೂ ಸೋರುತ್ತಿದೆ. ಒಂದು ನಿಮಿಷಕ್ಕೆ ಎಷ್ಟು ಬಂತು ಎಂದು ಲೋಟದಲ್ಲಿ ಅಳೆದು ಬರೆದಿಡಿ. ಮುಗಿದ ಮೇಲೆ ಟೆಸ್ಟ್ ಕಾಕ್ ಮುಚ್ಚಿ, ಮನೆಯ ಕಡೆಯ ವಾಲ್ವನ್ನು ನಿಧಾನವಾಗಿ ತೆರೆಯಿರಿ. ಒಮ್ಮೆಲೇ ತೆರೆದರೆ ನೀರಿನ ಬಡಿತಕ್ಕೆ ಡಿಸ್ಕುಗಳು ಹೊಡೆದುಕೊಳ್ಳುತ್ತವೆ.

ಈ ಪರೀಕ್ಷೆಗೆ ಒಂದು ಮಿತಿಯಿದೆ. ಹಿಂದಿನಿಂದ 28 ಪಿ.ಎಸ್.ಐ. ತಳ್ಳುವಾಗ ರಬ್ಬರ್ ಸೀಟಿಗೆ ಬಿಗಿಯಾಗಿ ಒತ್ತಿಕೊಳ್ಳುವುದರಿಂದ, ಕಡಿಮೆ ಒತ್ತಡದಲ್ಲಿ ಸೋರುವ ಚೆಕ್ ವಾಲ್ವ್ ಇಲ್ಲಿ ತೇರ್ಗಡೆಯಾಗಿಬಿಡಬಹುದು. ಆದ್ದರಿಂದ ಸುರಿತ ನಿಂತಿತೆಂದ ಮಾತ್ರಕ್ಕೆ ಎರಡನೇ ಚೆಕ್ ವಾಲ್ವಿಗೆ ಪೂರ್ಣ ಪ್ರಮಾಣಪತ್ರ ಕೊಡಲಾಗದು. ಅದಕ್ಕೆ ಗೇಜಿನ ಪರೀಕ್ಷೆ ಬೇಕು. ನಿಲ್ಲಲಿಲ್ಲವಾದರೆ ಮಾತ್ರ ತೀರ್ಮಾನ ಅಚಲ.

ಗೇಜ್ ತರುವ ಪರೀಕ್ಷಕರಿಗೆ ಒಂದು ಮಾತು ಹೇಳಿ. ಗೇಜಿನ ಹೈ ಹೋಸನ್ನು ಎರಡನೇ ಟೆಸ್ಟ್ ಕಾಕಿಗೂ ಲೋ ಹೋಸನ್ನು ನಡುಕೋಣೆಯಲ್ಲಿರುವ ಮೂರನೆಯದಕ್ಕೂ ಹಾಕಿ, ಗಾಳಿ ಪೂರ್ತಿ ಹೊರಹೋಗುವವರೆಗೆ ನೀರು ಬಿಟ್ಟು, ಬೈಪಾಸ್ ಹೋಸನ್ನು ಎರಡನೇ ಚೆಕ್ ವಾಲ್ವಿನ ಆಚೆಗಿರುವ ನಾಲ್ಕನೆಯದಕ್ಕೆ ಕೊಟ್ಟ ಮೇಲೆ, ಎರಡನೇ ಟೆಸ್ಟ್ ಕಾಕನ್ನು ಒಮ್ಮೆ ಮುಚ್ಚಿ ಮುಳ್ಳನ್ನು ನೋಡಲಿ. ಆಗ ಗೇಜಿನ ಹೈ ಬದಿಯಲ್ಲಿ ಉಳಿಯುವುದು ನಾಲ್ಕನೇ ಕಾಕಿನ ಬಳಿ ಸಿಕ್ಕಿಹಾಕಿಕೊಂಡ ನೀರಿನ ಒತ್ತಡ ಮಾತ್ರ. ಮುಳ್ಳು ಅಲುಗದೆ ನಿಂತರೆ ಆಚೆಗಿನ ವಾಲ್ವ್ ಬಿಗಿಯಾಗಿದೆ. ಮುಳ್ಳು ಸೊನ್ನೆಯ ಕಡೆಗೆ ಇಳಿದರೆ ನೀರು ವಾಲ್ವನ್ನು ದಾಟಿ ಮುಂದಕ್ಕೆ ಸೋರುತ್ತಿದೆ. ಮುಳ್ಳು ಮೇಲೇರಿದರೆ ಗುಡ್ಡದ ಒತ್ತಡ ಹಿಂದಕ್ಕೆ ನುಗ್ಗುತ್ತಿದೆ. ಅರ್ಧ ನಿಮಿಷದ ಕೆಲಸ. ನಿಮ್ಮ ಮೂರೂ ಪರೀಕ್ಷೆಗಳಲ್ಲಿ ಇದನ್ನು ಮಾಡಿದ್ದರೆ ಒಂದು ರಬ್ಬರ್ ಸೆಟ್ಟಿನ ಹಣವೂ ಹಲವು ವಾರಗಳ ಚಿಂತೆಯೂ ಉಳಿಯುತ್ತಿತ್ತು. ವಾಲ್ವ್ ಸೋರುತ್ತಿರುವುದು ಗೊತ್ತಾದ ಮೇಲೆ ಹೊಸದನ್ನು ಹಾಕುವವರೆಗೆ ಕಾಯಬೇಕೆಂದಿಲ್ಲ. ಅದರ ಆಚೆ ಯೂನಿಯನ್ (ಬಿಚ್ಚಬಹುದಾದ ಪೈಪ್ ಜೋಡಣೆ) ಇದ್ದರೆ ಅದನ್ನು ಬಿಚ್ಚಿ, ಉಪಕರಣದ ಬದಿಗೆ ಡಮ್ಮಿ ಹಾಕಿ ಪರೀಕ್ಷೆ ಮುಂದುವರಿಸಬಹುದು.

ನೀರು ನಿಜವಾಗಿಯೂ ನಿಂತ ಮೇಲೆ ಮೊದಲ ಚೆಕ್ ವಾಲ್ವಿನ ಓದನ್ನು ಹೊಸದಾಗಿ ತೆಗೆದುಕೊಳ್ಳಿ. ಒಂದೇ ಅಂಕಿಗೆ ತೃಪ್ತಿಪಡದೆ ಮೂರು ಬಾರಿ ನೀರು ಹರಿಸಿ, ನಿಲ್ಲಿಸಿ, ಓದಬೇಕು, ಏಕೆಂದರೆ ಅಂಕಿಗಿಂತ ಅದರ ವರ್ತನೆ ಹೆಚ್ಚು ಹೇಳುತ್ತದೆ. ಸ್ಪ್ರಿಂಗ್ ಸೋತಿದ್ದರೆ ಓದು ಕಡಿಮೆಯಿರುತ್ತದೆ ಆದರೆ ಸ್ಥಿರವಾಗಿರುತ್ತದೆ. ಮೂರು ಬಾರಿಯೂ ಮೂರೂವರೆಯ ಹತ್ತಿರ ನಿಲ್ಲುತ್ತದೆ, ಹನಿಯೂ ಇರುವುದಿಲ್ಲ. ಸೀಟಿನಲ್ಲಿ ಕಸ ಸಿಕ್ಕಿದ್ದರೆ ಒಮ್ಮೆ ಆರು, ಒಮ್ಮೆ ನಾಲ್ಕು, ಮತ್ತೊಮ್ಮೆ ತೆರೆಯುವ ಅಂಕಿಯವರೆಗೂ ಜಾರುತ್ತದೆ, ನೀರು ರಭಸವಾಗಿ ಹರಿಸಿದ ಮೇಲೆ ಕೆಲವೊಮ್ಮೆ ತಾನಾಗಿ ಸರಿಹೋಗುತ್ತದೆ. ರಬ್ಬರಿನಲ್ಲಿ ಗೆರೆ ಬಿದ್ದಿದ್ದರೆ ಅಥವಾ ಸೀಟ್ ಕಚ್ಚು ಬಿದ್ದಿದ್ದರೆ ಮುಳ್ಳು ಮೊದಲು ಒಳ್ಳೆಯ ಕಡೆ ನಿಂತು, ನೋಡುತ್ತಿದ್ದಂತೆಯೇ ಒಂದೇ ವೇಗದಲ್ಲಿ ಇಳಿಯುತ್ತದೆ, ಪ್ರತಿ ಬಾರಿಯೂ ಹಾಗೆಯೇ. ಗೈಡಿನಲ್ಲಿ ಡಿಸ್ಕ್ ಬಿಗಿದುಕೊಂಡಿದ್ದರೆ ಉಪಕರಣದ ಮೈಯನ್ನು ಮರದ ಹಿಡಿಯಿಂದ ಮೆಲ್ಲನೆ ತಟ್ಟಿದಾಗ ಮುಳ್ಳು ಜಿಗಿಯುತ್ತದೆ. ಹಾಗೆ ಜಿಗಿದು ಬಂದ ಒಳ್ಳೆಯ ಅಂಕಿಯನ್ನು ದಾಖಲೆಯಲ್ಲಿ ಬರೆದುಬಿಡುವವರನ್ನು ನೋಡಿದ್ದೇನೆ, ಅದು ತಪ್ಪು. ತಟ್ಟಿದ ಮೇಲೆ ಸರಿಯಾದ ಚೆಕ್ ವಾಲ್ವ್ ಕೆಟ್ಟಿರುವ ಚೆಕ್ ವಾಲ್ವೇ. ಕೊನೆಗೆ, ಮೊದಲ ಚೆಕ್ ವಾಲ್ವಿನ ಓದಿಗೂ ರಿಲೀಫ್ ತೆರೆಯುವ ಅಂಕಿಗೂ ನಡುವೆ 3 ಪಿ.ಎಸ್.ಐ. ಅಂತರವಿರುವುದು ಒಳ್ಳೆಯದು. ಅಂತರ ಕಡಿಮೆಯಾದಷ್ಟೂ ಪಂಪಿನ ಸಣ್ಣ ಏರಿಳಿತಕ್ಕೂ ರಿಲೀಫ್ ವಾಲ್ವ್ ಉಗುಳುತ್ತದೆ.

ಈ ಉಗುಳುವಿಕೆಯನ್ನೂ ಹನಿಯುವಿಕೆಯನ್ನೂ ಒಂದೆಂದು ತಿಳಿಯಬೇಡಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ದಿನಕ್ಕೆ ಎಷ್ಟು ಬಾರಿ ಹೋಗುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ. ಪಂಪು ನಿಂತ ಕ್ಷಣ ಒಳಬರುವ ಒತ್ತಡ ಕುಸಿಯುತ್ತದೆ, ನಡುಕೋಣೆಯಲ್ಲಿ ಹಳೆಯ ಒತ್ತಡ ಸಿಕ್ಕಿಕೊಂಡಿರುತ್ತದೆ, ವ್ಯತ್ಯಾಸ ಕುಗ್ಗಿ ರಿಲೀಫ್ ವಾಲ್ವ್ ಒಂದು ಲೋಟದಷ್ಟು ನೀರು ಚೆಲ್ಲಿ ಮುಚ್ಚಿಕೊಳ್ಳುತ್ತದೆ. ಇದು ದೋಷವಲ್ಲ. ತೀರಾ ಹೆಚ್ಚಾದರೆ ಉಪಕರಣಕ್ಕಿಂತ ಮೊದಲು, ಮನೆಯ ಬದಿಯಲ್ಲಿ, ಒಂದು ಸಾಮಾನ್ಯ ನಾನ್ ರಿಟರ್ನ್ ವಾಲ್ವ್ ಹಾಕಿಸಿದರೆ ಒತ್ತಡ ಒಮ್ಮೆಲೇ ಕುಸಿಯುವುದಿಲ್ಲ. ನಿಮ್ಮಲ್ಲಿರುವಂತೆ ಗಂಟೆಗಟ್ಟಲೆ ಬೀಳುವ ಹನಿ ಬೇರೆಯೇ ಸಂಗತಿ.

ಇನ್ನು ಬಿಚ್ಚುವ ಹಂತ. ಎರಡನೇ ಚೆಕ್ ವಾಲ್ವನ್ನು ಹೊರತೆಗೆದಾಗ ರಬ್ಬರನ್ನು ಒರೆಸುವ ಮೊದಲು ಅದು ಹೇಗಿದೆಯೋ ಹಾಗೆ ಬೆಳಕಿಗೆ ಹಿಡಿದು ನೋಡಿ. ಒಮ್ಮೆ ಇದೇ ಜಿಲ್ಲೆಯ ಒಂದು ತೋಟದಲ್ಲಿ ಹೊಸ ರಬ್ಬರ್ ಹಾಕಿದ ಮೇಲೂ ಸೋರಿಕೆ ನಿಲ್ಲದೆ ನನ್ನನ್ನು ಕರೆದಿದ್ದರು. ಡಿಸ್ಕನ್ನು ತಿರುಗಿಸಿದಾಗ, ಸೀಟ್ ಒತ್ತಿ ಮೂಡಿದ ವೃತ್ತಕ್ಕೆ ಅಡ್ಡಲಾಗಿ ಕೂದಲಿನಷ್ಟು ತೆಳುವಾದ ಒಂದು ಬಿಳಿ ಗೆರೆ ಕಂಡಿತು. ಅದು ಥ್ರೆಡ್ಡಿಗೆ ಸುತ್ತಿದ್ದ ಟೆಫ್ಲಾನ್ ಟೇಪಿನ ಎಳೆ. ಪೈಪು ಜೋಡಿಸಿದವರು ಬಾಯಿಯಂಚಿನಿಂದ ಹೊರಗೆ ಬಿಟ್ಟಿದ್ದ ತುದಿ ಕಿತ್ತುಬಂದು ಅಲ್ಲಿ ಮಲಗಿತ್ತು. ಹಳೆಯ ರಬ್ಬರನ್ನು ಒರೆಸಿ ಎಸೆದವರಿಗೆ ಅದು ಕಂಡಿರಲಿಲ್ಲ, ಎಳೆಯ ಇನ್ನೊಂದು ತುಣುಕು ಸೀಟಿಗೆ ಅಂಟಿಕೊಂಡೇ ಇತ್ತು. ಸೀಟನ್ನು ಪರೀಕ್ಷಿಸಲು ಕಣ್ಣು ಸಾಲದು. ಉಗುರಿನ ತುದಿಯನ್ನು ಅಂಚಿನ ಮೇಲೆ ಒಂದು ಸುತ್ತು ನಿಧಾನವಾಗಿ ಎಳೆಯಿರಿ. ಕಣ್ಣಿಗೆ ಕಾಣದ ಕಚ್ಚು ಉಗುರಿಗೆ ಸಿಗುತ್ತದೆ. ಸೀಟಿನಲ್ಲಿ ಕಚ್ಚು ಇದ್ದರೆ ಎಷ್ಟು ರಬ್ಬರ್ ಬದಲಿಸಿದರೂ ಪ್ರಯೋಜನವಿಲ್ಲ, ಸೀಟನ್ನೇ ಬದಲಿಸಬೇಕು. ರಬ್ಬರನ್ನು ಮಗುಚಿ ಹಾಕುವುದು ಬಿಡಿಭಾಗ ಬರುವವರೆಗಿನ ತಾತ್ಕಾಲಿಕ ಉಪಾಯ ಮಾತ್ರ. ಜೋಡಿಸುವಾಗ ಕುಡಿಯುವ ನೀರಿಗೆ ಒಪ್ಪುವ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಬಳಸಿ. ಗಾಡಿಗೆ ಹಾಕುವ ಗ್ರೀಸ್ ಈ ಉಪಕರಣಗಳಲ್ಲಿ ಸಾಮಾನ್ಯವಾಗಿರುವ ಇ.ಪಿ.ಡಿ.ಎಂ. ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ.

ಕಸ ಬರುವುದು ಎಲ್ಲಿಂದ ಎಂಬುದನ್ನೂ ನೋಡಬೇಕು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಬಾವಿಗಳೂ ಕೆರೆಗಳೂ ಕೆಂಪಾಗುವ ನಮ್ಮ ಊರುಗಳಲ್ಲಿ ನುಣ್ಣನೆಯ ಕೆಮ್ಮಣ್ಣು ಪೈಪಿನ ತಗ್ಗಿನಲ್ಲೆಲ್ಲ ಕೂರುತ್ತದೆ, ಹಳೆಯ ಜಿ.ಐ. ಪೈಪಿನ ತುಕ್ಕಿನ ಚಕ್ಕೆಗಳು ಅದರ ಜೊತೆ ಸೇರುತ್ತವೆ. ಗೇಟ್ ವಾಲ್ವಿನ ತಳದ ಗುಳಿ ಈ ಮಣ್ಣಿಗೆ ಹೇಳಿಮಾಡಿಸಿದ ಜಾಗ. ಗೇಟ್ ಪೂರ್ತಿ ಇಳಿಯದೆ ಮಣ್ಣಿನ ಮೇಲೆ ಕೂರುತ್ತದೆ, ತಿರುಗಿಸುವವರು ಬಿಗಿಯಾಯಿತೆಂದು ಕೈಬಿಡುತ್ತಾರೆ. ನಿಮ್ಮ ಆಚೆಗಿನ ಗೇಟ್ ವಾಲ್ವನ್ನು ತೆಗೆದು ಪೂರ್ತಿ ರಂಧ್ರದ ಬಾಲ್ ವಾಲ್ವ್ ಹಾಕಿಸಿ, ಅದನ್ನು ಪರೀಕ್ಷೆಗೆಂದೇ ಮೀಸಲಿಡಿ. ತೊಟ್ಟಿ ತುಂಬಿದಾಗ ದಿನವೂ ತಿರುಗಿಸಲು ಅದರ ಆಚೆ ಇನ್ನೊಂದು ವಾಲ್ವ್ ಇರಲಿ. ಉಪಕರಣದ ಮೊದಲು ಕಸ ಸೋಸುವ ಒಂದು ಸ್ಟ್ರೈನರ್ ಇರಲಿ, ಮಳೆಗಾಲದಲ್ಲಿ ಅದನ್ನು ವಾರಕ್ಕೊಮ್ಮೆ ತೊಳೆಯಿರಿ. ಉಪಕರಣವನ್ನು ಗುಂಡಿಯಲ್ಲಿ ಕೂರಿಸಿದ್ದರೆ ಮೇಲೆತ್ತಿಸಿ. ಜುಲೈಯಲ್ಲಿ ಗುಂಡಿ ತುಂಬಿ ರಿಲೀಫ್ ವಾಲ್ವಿನ ಬಾಯಿ ಮುಳುಗಿದರೆ, ಅದೇ ಬಾಯಿಂದ ಕೊಚ್ಚೆನೀರು ಒಳಗೆ ಹೋಗುವ ದಾರಿಯಾಗುತ್ತದೆ. ನೆಲದಿಂದ ಒಂದು ಅಡಿಯಾದರೂ ಎತ್ತರ ಬೇಕು.

ಇದಕ್ಕಿಂತಲೂ ಗಟ್ಟಿಯಾದ ಒಂದು ಪರಿಹಾರ ನಿಮ್ಮ ಕೈಯಲ್ಲಿಯೇ ಇದೆ. ಪೈಪನ್ನು ತೊಟ್ಟಿಯ ತಳಕ್ಕೆ ಸೇರಿಸುವ ಬದಲು ಮೇಲಿನಿಂದ ತಂದು, ತೊಟ್ಟಿಯ ಅಂಚಿಗಿಂತ ಪೈಪಿನ ವ್ಯಾಸದ ಎರಡು ಪಟ್ಟು, ನಿಮ್ಮಲ್ಲಿ 80 ಮಿ.ಮೀ., ಎತ್ತರದಲ್ಲಿ ಗಾಳಿಯಲ್ಲಿ ನಿಲ್ಲಿಸಿ, ಅಲ್ಲಿಂದ ನೀರು ಬೀಳಲಿ. ಪೈಪಿನಲ್ಲಿ ನಿಂತ ನೀರಿನ ಒತ್ತಡ ಆಗಲೂ ಉಪಕರಣದ ಮೇಲೆ ಇದ್ದೇ ಇರುತ್ತದೆ, ಆದರೆ ಆ ನೀರು ಶುದ್ಧವಾಗಿರುತ್ತದೆ. ತೊಟ್ಟಿಯ ತಾಮ್ರ ಪೈಪಿಗೆ ಹತ್ತಲಾರದು. ಇಷ್ಟಾದ ಮೇಲೂ ಉಪಕರಣವನ್ನು ತೆಗೆಯಬೇಡಿ, ಏಕೆಂದರೆ ಅದೇ ಪೈಪಿನ ಯಾವುದೋ ನಲ್ಲಿಗೆ ಹೋಸ್ ಸಿಕ್ಕಿಸಿ ತುದಿಯನ್ನು ಡ್ರಮ್ಮಿನಲ್ಲಿ ಮುಳುಗಿಸಿ ಊಟಕ್ಕೆ ಹೋಗುವುದು ಎಲ್ಲ ತೋಟಗಳಲ್ಲಿಯೂ ನಡೆಯುತ್ತದೆ. 1933ರಲ್ಲಿ ಶಿಕಾಗೋ ನಗರದ ಎರಡು ಹೋಟೆಲುಗಳಲ್ಲಿ ಕೊಳೆನೀರು ಕುಡಿಯುವ ನೀರಿನೊಂದಿಗೆ ಬೆರೆತು ಹಬ್ಬಿದ ಆಮಶಂಕೆಗೆ 98 ಮಂದಿ ಬಲಿಯಾದರು. ಈ ಉಪಕರಣಗಳ ನಿಯಮಗಳು ಇಂದಿನ ಬಿಗಿಗೆ ಬಂದದ್ದರ ಹಿಂದೆ ಅಂಥ ಸಾವುಗಳಿವೆ. ಅತಿಥಿಗಳಿಗೆ ನೀರು ಕೊಡುವ ಮನೆ ನಿಮ್ಮದೂ ಆಗಿದೆ.

ಹೂದೋಟದ ಡಬಲ್ ಚೆಕ್ ವಾಲ್ವನ್ನು ಗೇಜ್ ಇಲ್ಲದೆ ಖಂಡಿತ ಪರೀಕ್ಷಿಸಬಹುದು. ಅಲ್ಲಿ ಎರಡೂ ಚೆಕ್ ವಾಲ್ವುಗಳು ತಲಾ 1 ಪಿ.ಎಸ್.ಐ. ಹಿಡಿದರೆ ಸಾಕು, 1 ಪಿ.ಎಸ್.ಐ. ಎಂದರೆ 70 ಸೆಂಟಿಮೀಟರ್ ಎತ್ತರದ ನೀರಿನ ಕಂಬ. ಒಂದು ಮೀಟರ್ ಉದ್ದದ ಪಾರದರ್ಶಕ ಟ್ಯೂಬನ್ನು ಎರಡನೇ ಟೆಸ್ಟ್ ಕಾಕಿಗೆ ನೇರವಾಗಿ ನಿಲ್ಲಿಸಿ. ಆಚೆಗಿನ ವಾಲ್ವನ್ನು ಮುಚ್ಚಿ, ಕಾಕ್ ತೆರೆದು ಟ್ಯೂಬನ್ನು ತುಂಬಿಸಿ, ನಂತರ ಮನೆಯ ಕಡೆಯ ವಾಲ್ವನ್ನೂ ಮುಚ್ಚಿ, ಮೂರನೇ ಕಾಕನ್ನು ತೆರೆಯಿರಿ. ಮೂರನೆಯದರಿಂದ ಸ್ವಲ್ಪ ನೀರು ಬಂದು ನಿಲ್ಲುತ್ತದೆ, ಟ್ಯೂಬಿನ ನೀರು ಇಳಿಯುತ್ತ ಬಂದು ಒಂದು ಕಡೆ ನಿಲ್ಲುತ್ತದೆ. ಮೂರನೇ ಕಾಕಿನ ಮಟ್ಟದಿಂದ ಅಳೆದಾಗ ಅದು 70 ಸೆಂಟಿಮೀಟರ್ ಅಥವಾ ಅದಕ್ಕಿಂತ ಮೇಲೆ ನಿಂತರೆ ಮೊದಲ ಚೆಕ್ ವಾಲ್ವ್ ಸರಿಯಿದೆ. ಟ್ಯೂಬನ್ನು ಮೂರನೆಯದಕ್ಕೆ ಹಾಕಿ ನಾಲ್ಕನೆಯದನ್ನು ತೆರೆದರೆ ಎರಡನೆಯದರ ಪರೀಕ್ಷೆಯಾಗುತ್ತದೆ. ಇಲ್ಲಿಯೂ ಅದೇ ಎಚ್ಚರ ಬೇಕು. ಟ್ಯೂಬಿನಿಂದ ನೀರು ಉಕ್ಕುತ್ತಲೇ ಇದ್ದರೆ ಮನೆಯ ಕಡೆಯ ವಾಲ್ವ್ ಮುಚ್ಚಿಕೊಂಡಿಲ್ಲ. ತೆರೆದ ಕಾಕಿನಿಂದ ಧಾರೆ ನಿಲ್ಲದೆ ಬರುತ್ತಿದ್ದರೆ ಆಚೆಗಿನ ವಾಲ್ವ್ ಮುಚ್ಚಿಕೊಂಡಿಲ್ಲ. ಎರಡೂ ನಿಂತ ಮೇಲೆಯೇ ಟ್ಯೂಬಿನ ಮಟ್ಟಕ್ಕೆ ಅರ್ಥ.

ಸದ್ಯಕ್ಕೆ ಉಪಕರಣವನ್ನಾಗಲಿ ರಿಲೀಫ್ ಕಿಟ್ಟನ್ನಾಗಲಿ ಕೊಳ್ಳಬೇಡಿ. ದುರಸ್ತಿ ಮುಗಿಯುವವರೆಗೆ ಆ ತೊಟ್ಟಿಯಲ್ಲಿ ಔಷಧಿ ಕಲಸುವುದನ್ನು ನಿಲ್ಲಿಸಿ, ಅಗತ್ಯವಿದ್ದರೆ ಪೈಪಿಗೆ ಸಂಬಂಧವೇ ಇಲ್ಲದ ಡ್ರಮ್ಮಿನಲ್ಲಿ ಕಲಸಿಕೊಳ್ಳಿ. ರಾತ್ರಿಯ ಪರೀಕ್ಷೆ ಮಾಡಿದ ಮೇಲೆ ಬಕೆಟ್ಟಿನ ಸುರಿತ ನಿಂತಿತೇ ಇಲ್ಲವೇ, ಗೇಟ್ ವಾಲ್ವ್ ಮುಚ್ಚಿದಾಗ ಒಂದು ನಿಮಿಷಕ್ಕೆ ಎಷ್ಟು ನೀರು ಬಂತು, ಆಗ ಮನೆಯ ಕಡೆಯ ಒತ್ತಡ ಎಷ್ಟಿತ್ತು ಎಂಬ ಮೂರು ಸಂಗತಿಗಳನ್ನು ಬರೆದು ಕಳುಹಿಸಿ. ಅವನ್ನು ನೋಡಿ ಯಾವ ಭಾಗ ತರಿಸಬೇಕೆಂದು ಹೇಳುತ್ತೇನೆ.